ಹಾಡು ಯಾರ ಸೊತ್ತು?

ದೇವಾಲಯದ ಪ್ರಾಕಾರದಲ್ಲಿ ಸಂಗೀತ ಕಛೇರಿ ನಡೆಯುತ್ತಿದ್ದರೆ ಅನೇಕ ಭಕ್ತರು ಒಂದು ಗಳಿಗೆ ನಿಂತು, "ಶಾಸ್ತ್ರೀಯ ಸಂಗೀತ ನಮಗೆಲ್ಲಿ ಅರ್ಥವಾಗುತ್ತೆ ಬಿಡಿ" ಎಂದು ಮುಂದೆ ಸಾಗುತ್ತಾರೆ. ಹಾಗಾದರೆ ರಾಗ-ತಾಳ ಬಲ್ಲವರಿಗೆ ಮಾತ್ರ ಇದು ಮೀಸಲೇ? ತಿಳಿಯದವರಿಗೆ ಪಾಲಿಲ್ಲವೇ? ಉತ್ತರವನ್ನು ಹಾಡು ಕಟ್ಟಿದ ಮಹನೀಯರ ಬಳಿಯೇ ಹುಡುಕಬೇಕು.

ಶ್ರೀ ಪುರಂದರದಾಸರು (1484–1564) ಕರ್ನಾಟಕ ಸಂಗೀತ ಪಿತಾಮಹರು. ಅಷ್ಟು ದೊಡ್ಡವರು ಮಾಡಿದ್ದೇನು ನೋಡಿ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಆಮೇಲೆ ಮಲಹರಿಯಲ್ಲಿ ಪುಟ್ಟ ಗೀತೆಗಳು. ಹೀಗೆ ಏನೂ ಅರಿಯದವರಿಗಾಗಿ ಮೆಟ್ಟಿಲು ಕಟ್ಟಿದರೆಂದು ಪರಂಪರೆ ಹೇಳುತ್ತದೆ. ಮಕ್ಕಳ ಮೊದಲ ಪಾಠ ಇಂದಿಗೂ ಅದೇ.

ತಿರುವಾರೂರಿನಲ್ಲಿ ಜನಿಸಿದ ಸಂಗೀತ ತ್ರಿಮೂರ್ತಿಗಳಲ್ಲೂ ಈ ಕರುಣೆ ಕಾಣುತ್ತದೆ. ಶ್ರೀ ತ್ಯಾಗರಾಜರು (1767–1847) ವರ್ಷಗಟ್ಟಲೆ ಸಾಧನೆ ಬೇಡುವ ಪಂಚರತ್ನ ಕೃತಿಗಳನ್ನು ರಚಿಸಿದರು. ಭಜನೆಯಲ್ಲಿ ಎಲ್ಲರೂ ದನಿಗೂಡಿಸಬಹುದಾದ ದಿವ್ಯನಾಮ ಕೀರ್ತನೆಗಳನ್ನು ರಚಿಸಿದವರೂ ಅವರೇ. ಗಹನವಾದ ಕೃತಿಗಳನ್ನು ಕೊಟ್ಟ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೂ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಸುಲಭವಾದದ್ದು ಕೀಳು ಎಂಬ ಭಾವ ಅವರಲ್ಲಿರಲಿಲ್ಲ.

ಇನ್ನು ಅಂಕಿತದ ಮಾತು. ದಾಸರು 'ಪುರಂದರ ವಿಠಲ' ಎಂದರು, ದೀಕ್ಷಿತರು 'ಗುರುಗುಹ' ಎಂದರು, ಶ್ಯಾಮಾಶಾಸ್ತ್ರಿಗಳು 'ಶ್ಯಾಮಕೃಷ್ಣ' ಎಂದರು. ತ್ಯಾಗರಾಜರು ತಮ್ಮ ಹೆಸರನ್ನೇ ಇಟ್ಟರೂ ಅದು ತಿರುವಾರೂರಿನ ಸ್ವಾಮಿಯ ಹೆಸರು. ಕಟ್ಟಿದವರೇ ನಮ್ಮದೆನ್ನದ ಹಾಡನ್ನು ಬೇರೆಯವರು ತಮ್ಮದೆನ್ನಲು ಬಂದೀತೇ?

ಆದರೂ ಬೇಲಿ ಹಾಕಿದವರಿದ್ದರು. ಮೈಸೂರು ಸೀಮೆಯಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದ ವಿದುಷಿ ಬೆಂಗಳೂರು ನಾಗರತ್ನಮ್ಮನವರು (1878–1952), ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದದ್ದನ್ನು ತಿಳಿದು ಮರುಗಿದರು. ತಮ್ಮ ಗಳಿಕೆಯನ್ನೆಲ್ಲ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ! ಗುಡಿ ಕಟ್ಟಿಸಿದಾಕೆಗೇ ಹಾಡುವ ಹಕ್ಕಿಲ್ಲ. ಅವರು ಕೈಚೆಲ್ಲಲಿಲ್ಲ. ಮಹಿಳೆಯರನ್ನು ಕೂಡಿಸಿ ಬೇರೆಯಾಗಿಯೇ ಆರಾಧನೆ ನಡೆಸಿದರು. 1940ರ ದಶಕದ ಹೊತ್ತಿಗೆ ಎಲ್ಲರೂ ಒಂದಾದರು. ಈಗ ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ಗಂಡಸರು, ಹೆಂಗಸರು ಒಟ್ಟಿಗೆ ಕುಳಿತು ಪಂಚರತ್ನ ಹಾಡುತ್ತಾರೆ.

ಅಂದು ತಡೆದವರಲ್ಲಿ ವಿದ್ಯೆ ಇರಲಿಲ್ಲವೇ? ಇತ್ತು. ಹಂಚಿಕೊಳ್ಳುವ ಮನಸ್ಸು ಇರಲಿಲ್ಲ. ಬಲ್ಲವರಿಗೆ ಇದು ಎಚ್ಚರಿಕೆ.

ಅರಿಯದವರಿಗೂ ಒಂದು ಕರ್ತವ್ಯವಿದೆ. ಪಾಲಿದೆ ಎಂದಮಾತ್ರಕ್ಕೆ ಶ್ರಮ ತಪ್ಪೀತೇ? ಮೆಟ್ಟಿಲಿದ್ದರೂ ಹತ್ತುವುದು ಕಾಲೇ ತಾನೇ! ಒಬ್ಬ ವಾಗ್ಗೇಯಕಾರರ ಒಂದೇ ಕೃತಿಯನ್ನು ಆರಿಸಿಕೊಂಡು ಹತ್ತು ದಿನ ಕೇಳಬೇಕು. ಪಲ್ಲವಿ ಮೊದಲು ನೆನಪಾಗುತ್ತದೆ, ಅನುಪಲ್ಲವಿಯಲ್ಲಿ ದನಿ ಮೇಲೇರುವುದು ತಿಳಿಯುತ್ತದೆ, ಚರಣದಲ್ಲಿ ಅಂಕಿತ ಬಂದಾಗ ಗುರುತು ಸಿಗುತ್ತದೆ. ರಾಗದ ಹೆಸರು ಆಮೇಲೆ ತಾನಾಗಿಯೇ ಬರುತ್ತದೆ. ಶ್ರದ್ಧೆಯಿಂದ ಕೇಳುವುದೂ ಒಂದು ಸೇವೆಯೇ.