ಹೊಂದಿದರೆ ಸಾಕೇ?

ತಂತ್ರಜ್ಞಾನದ ನೈತಿಕತೆಯ ಕುರಿತು ಓದುವಾಗ ಅಮೆರಿಕದ ಒಂದು ಬಂದೂಕು ನನ್ನನ್ನು ತಡೆದು ನಿಲ್ಲಿಸಿತು. ರೂಗರ್ ಪಿಸಿ ಕಾರ್ಬೈನ್ ಹಾರಿಸುವುದು ಪಿಸ್ತೂಲಿನ 9 ಎಂ.ಎಂ. ಗುಂಡನ್ನೇ. ಮ್ಯಾಗಜಿನ್ ಕೂರುವ ಭಾಗವನ್ನು ಬದಲಿಸಿದರೆ ಗ್ಲಾಕ್ ಪಿಸ್ತೂಲಿನ ಮ್ಯಾಗಜಿನ್ನೂ ಅದಕ್ಕೆ ಹೊಂದುತ್ತದೆ. ಎರಡು ಆಯುಧಕ್ಕೆ ಒಂದೇ ಮ್ಯಾಗಜಿನ್: ಜಾಣ ಉಳಿತಾಯ ಎಂದು ನಾನೂ ತಲೆದೂಗಿದೆ.

ಆದರೆ 17 ಗುಂಡುಗಳದ್ದು ಕೂರುವಲ್ಲಿ 33 ಗುಂಡುಗಳದ್ದೂ ಕೂರುತ್ತದೆ. 2011ರಲ್ಲಿ ಟೂಸಾನ್‌ನಲ್ಲಿ 6 ಜನರನ್ನು ಕೊಂದವನ ಗ್ಲಾಕ್ ಪಿಸ್ತೂಲಿನಲ್ಲಿದ್ದದ್ದು 33ರ ಮ್ಯಾಗಜಿನ್. ಅದು ಬರಿದಾಗಿ ಇನ್ನೊಂದನ್ನು ಹಾಕಲು ಹೊರಟಾಗ ಜನ ಅವನನ್ನು ಕೆಡವಿ ಹಿಡಿದರು.

ಆತ್ಮರಕ್ಷಣೆಗೆ ಹೆಚ್ಚು ಗುಂಡು ಬೇಕೆನ್ನುವವರ ಭಯ ಸುಳ್ಳಲ್ಲ. ನ್ಯೂಯಾರ್ಕ್ ರಾಜ್ಯದ ಕಾನೂನು 10ಕ್ಕೆ ಮಿತಿ ಹಾಕಿದ್ದೂ ಭಯದಿಂದಲೇ. ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಬಂದೂಕೇ ಉತ್ತರ ಕೊಡುತ್ತದೆ. ಎಷ್ಟು ಸಾಕು ಎಂಬುದಕ್ಕೆ ಮನುಷ್ಯರೇ ಉತ್ತರಿಸಬೇಕು. ನಾನು ಆ ಬಿಡುವಿನ ಪರ. ಯಾರೋ ಎದ್ದು ಕೊಲ್ಲುವ ಕೈಯನ್ನು ಹಿಡಿಯುವಷ್ಟು ಬಿಡುವು ಬೇಗ ಬರಲಿ.