ಹಕ್ಕಿಯ ಅನ್ನ ಎಲ್ಲಿದೆ?

ತಲೆಯ ಮೇಲೆ ರೆಕ್ಕೆ ಬಿಚ್ಚುತ್ತಾ ಮಡಚುತ್ತಾ ಹಾರುವ ಹಕ್ಕಿಗಳನ್ನು ನೋಡಿರೆಂದು ಪವಿತ್ರ ಕುರ್‌ಆನಿನ ‘ಅಲ್‌ಮುಲ್ಕ್’ ಅಧ್ಯಾಯವು ಕರೆ ನೀಡುತ್ತದೆ. ಅವುಗಳನ್ನು ಆಕಾಶದಲ್ಲಿ ಎತ್ತಿ ಹಿಡಿದವನು ಪರಮ ದಯಾಮಯನಾದ ಅಲ್ಲಾಹನಲ್ಲದೆ ಇನ್ನಾರು? ಹೀಗೆ ನೋಡಿದರೆ ಹಕ್ಕಿ ವೀಕ್ಷಣೆಯು ಸತ್ಯವಿಶ್ವಾಸಿಗೆ ಬರೇ ಹವ್ಯಾಸವಲ್ಲ, ಪಾಠವೂ ಹೌದು.

ಒಡಿಶಾದ ಕರಾವಳಿಯಲ್ಲಿ ಚಿಲಿಕಾ ಸರೋವರವಿದೆ. ನದಿಗಳ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಅಲ್ಲಿ ಕೂಡುತ್ತವೆ. ಉತ್ತರದ ಸೈಬೀರಿಯಾದಲ್ಲಿ ಕೆರೆಗಳು ಹೆಪ್ಪುಗಟ್ಟುವಾಗ ಸೂಜಿಬಾಲದ ಬಾತುಗಳು ಸಾವಿರಾರು ಮೈಲು ಹಾರಿ ಇಲ್ಲಿಗೆ ತಲುಪುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇವು ಚಳಿಗಾಲದ ಅತಿಥಿಗಳು.

ಹಕ್ಕಿಗಳು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಹೊರಟು ಸಂಜೆ ಹೊಟ್ಟೆ ತುಂಬಿಸಿಕೊಂಡು ಮರಳುತ್ತವೆಂದು ಹೇಳಿ ಪ್ರವಾದಿ(ಸ)ರವರು ತವಕ್ಕುಲ್ ಏನೆಂದು ಕಲಿಸಿದರು. ಹಕ್ಕಿ ಗೂಡಿನಲ್ಲಿ ಕುಳಿತು ಕಾಯುವುದಿಲ್ಲ, ಹೊರಡುತ್ತದೆ. ಹೆಪ್ಪುಗಟ್ಟಿದ ಕೆರೆಯೊಂದೇ ತನ್ನ ಅನ್ನದಾತನೆಂದು ಅಲ್ಲೇ ಸಾಯುವುದೂ ಇಲ್ಲ.

ಚಿಲಿಕಾದ ದಂಡೆಯ ಮಂಗಲಜೋಡಿ ಗ್ರಾಮದ ಅನೇಕರು ಒಂದು ಕಾಲದಲ್ಲಿ ಈ ಹಕ್ಕಿಗಳನ್ನು ಕೊಂದು ಮಾರಿ ಬದುಕುತ್ತಿದ್ದರು. 1990ರ ದಶಕದಲ್ಲಿ ಅಲ್ಲಿ ಹಕ್ಕಿಗಳು ತೀರಾ ವಿರಳವಾದವು. 2000ದ ಸುಮಾರಿಗೆ ಬೇಟೆಗಾರರೇ ಬಂದೂಕು ಕೆಳಗಿಟ್ಟು ಕಾವಲುಗಾರರಾದರು. ಹಕ್ಕಿಗಳು ಲಕ್ಷಗಟ್ಟಲೆ ಮರಳಿದವು. ಇಂದು ಅದೇ ಜನರು ದೋಣಿಯಲ್ಲಿ ಪ್ರವಾಸಿಗರಿಗೆ ಹಕ್ಕಿಗಳನ್ನು ತೋರಿಸಿ ಸಂಸಾರ ಸಾಗಿಸುತ್ತಾರೆ. ಅವರು ನಮ್ಮ ಧರ್ಮದವರಲ್ಲದಿರಬಹುದು. ಆದರೆ ತಪ್ಪು ದಾರಿಯ ಗಳಿಕೆಯನ್ನು ಬಿಟ್ಟರೆ ಬದುಕಲಾಗದು ಎಂಬ ನೆಪವನ್ನು ಅವರು ಸುಳ್ಳಾಗಿಸಿದರು.

ನಮ್ಮಲ್ಲಿ ಬಡ್ಡಿಯ ವ್ಯವಹಾರದಿಂದ ಹೊರಬರಲಾಗದವರು, ತೂಕದಲ್ಲಿ ಕಡಿತ ಮಾಡುವವರು, ಲಂಚಕ್ಕೆ ಕೈಯೊಡ್ಡುವವರು ಹೇಳುವುದೂ ಇದನ್ನೇ ಅಲ್ಲವೇ? ‘ಮಕ್ಕಳಿದ್ದಾರೆ, ಏನು ಮಾಡುವುದು?’ ಸಹೋದರರೇ, ಮಕ್ಕಳ ಅನ್ನವು ಹರಾಮ್ ಸಂಪಾದನೆಯ ಬಾಗಿಲಲ್ಲೇ ಇದೆಯೆಂದು ನಮಗೆ ಯಾರು ಹೇಳಿದರು?

ಆಹಾರಕ್ಕಾಗಿ ಬೇಟೆಯನ್ನು ಇಸ್ಲಾಮ್ ಅನುಮತಿಸಿದೆ, ನಿಜ. ಆದರೆ ಗುಬ್ಬಚ್ಚಿಯನ್ನೂ ಅನ್ಯಾಯವಾಗಿ ಕೊಂದವನು ಅಲ್ಲಾಹನ ಮುಂದೆ ಉತ್ತರಿಸಬೇಕಾದೀತೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ವನ್ಯಜೀವಿಗಳ ರಕ್ಷಣೆಗೆ ದೇಶದಲ್ಲಿ 1972ರ ಕಾನೂನೂ ಇದೆ. ಮೋಜಿಗಾಗಿ ಕವಣೆ ಹಿಡಿದ ಮಗನನ್ನು ತಡೆಯಿರಿ. ರಜೆಯಲ್ಲಿ ಅವನನ್ನು ಕೆರೆಯ ದಂಡೆಗೆ ಕರೆದೊಯ್ಯಿರಿ, ಸದ್ದು ಮಾಡದೆ ನೋಡಲು ಕಲಿಸಿರಿ, ಅವುಗಳ ಸೃಷ್ಟಿಕರ್ತನನ್ನು ಪರಿಚಯಿಸಿರಿ.

ಅಲ್ಲಾಹನು ನಮಗೆ ಹಲಾಲ್ ಅನ್ನವನ್ನೂ, ಹರಾಮನ್ನು ತೊರೆದು ಹೊರಡುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.