ಕೂಸಿನ ಮೊದಲನೆಯ ಕ್ರಿಸ್ಮಸ್ ಕಾಣಿಕೆ

ಧ್ಯಾನಿಸತಕ್ಕ ಭಾಗಗಳು: 1 ಸಮುವೇಲ 2:18-19, ಯೆಹೋಶುವ 4:1-7, ಲೂಕ 2:15-19

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳ ಗ್ರಾಮಸಭೆಗಳಲ್ಲಿರುವ ಪ್ರಿಯ ಸಹೋದರ ಸಹೋದರಿಯರೇ,

ನಮ್ಮ ಕರ್ತನ ಜನನೋತ್ಸವವು ಸಮೀಪಿಸುತ್ತಿದೆ. ಕಳೆದ ಹಬ್ಬದ ತರುವಾಯ ಹುಟ್ಟಿ ಈಗ ತೊಟ್ಟಿಲಲ್ಲಿ ಮಲಗಿರುವ ಕೂಸುಗಳು ನಿಮ್ಮ ಮನೆಗಳಲ್ಲಿ ಉಂಟು. ಅವುಗಳಿಗೆ ಇದೇ ಮೊದಲನೆಯ ಕ್ರಿಸ್ಮಸ್. ಮಗು ದೊಡ್ಡದಾದ ಮೇಲೂ ನೆನಪಿಗೆ ಉಳಿಯುವಂಥ ಏನನ್ನಾದರೂ ಈ ದಿನದಲ್ಲಿ ಕೊಡಬೇಕೆಂಬ ಆಶೆಯು ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಸೋದರಮಾವಂದಿರಿಗೂ ಹುಟ್ಟುವದು ಸಹಜ. ಅದು ಒಳ್ಳೇ ಆಶೆಯೇ. ಆದರೆ ಏನು ಕೊಡತಕ್ಕದ್ದು, ಯಾವ ಮನಸ್ಸಿನಿಂದ ಕೊಡತಕ್ಕದ್ದು ಎಂಬದನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಬೇತ್ಲೆಹೇಮಿನ ಶಿಶುವನ್ನು ಮೊದಲು ನೋಡಲು ಬಂದವರು ಯಾರು? ಹೊಲದಲ್ಲಿ ರಾತ್ರಿಯೆಲ್ಲಾ ಕುರಿಮಂದೆಯನ್ನು ಕಾಯುತ್ತಿದ್ದ ಕುರುಬರು. ಅವರು ಕೈಯಲ್ಲಿ ಏನಾದರೂ ತಂದರೆಂದು ಲೂಕನು ಬರೆದಿಲ್ಲ. ಅವರು ತಂದದ್ದು ಒಂದು ಸಮಾಚಾರ. ಈ ಶಿಶುವಿನ ವಿಷಯವಾಗಿ ದೇವದೂತನು ತಮಗೆ ಹೇಳಿದ್ದನ್ನು ಅವರು ಗೋದಲಿಯ ಬಳಿಯಲ್ಲಿ ಹೇಳಿದರು. ಮರಿಯಳು ಆ ಮಾತುಗಳನ್ನೆಲ್ಲಾ ಮನಸ್ಸಿನಲ್ಲಿಟ್ಟುಕೊಂಡು ಆಲೋಚಿಸುತ್ತಿದ್ದಳು. ಹೀಗೆ ಮೊದಲನೆಯ ಕ್ರಿಸ್ಮಸ್ಸಿನಲ್ಲಿ ಕಾಪಾಡಲ್ಪಟ್ಟ ಮೊದಲನೆಯ ನೆನಪಿನ ಕಾಣಿಕೆಯು ಹಳ್ಳಿಯ ಬಡವರ ಬಾಯಿಂದ ಬಂದ ಒಂದು ಮಾತೇ ಆಗಿತ್ತು.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗಲೂ ಹೀಗೆಯೇ. ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ತರಿಸಿ ನಿಲ್ಲಿಸಿದನು. ಯಾಕೆ? ಮುಂದೆ ಮಕ್ಕಳು ಈ ಕಲ್ಲುಗಳು ಏನೆಂದು ಕೇಳುವರು. ಆಗ ತಂದೆಗಳು ದೇವರು ಮಾಡಿದ್ದನ್ನು ವಿವರಿಸಬೇಕು. ಹೇಳುವ ತಂದೆಯಿಲ್ಲದಿದ್ದರೆ ಅವು ಹೊಳೆಯ ಬೇರೆ ಕಲ್ಲುಗಳ ಹಾಗೆಯೇ ಬಿದ್ದಿರುವವು. ವಸ್ತುವಿಗೆ ಬಾಯಿಲ್ಲ, ಪ್ರಿಯರೇ. ಅದಕ್ಕೆ ಬಾಯಿ ಕೊಡತಕ್ಕವರು ನೀವೇ. ನೀನು ಯಾರವನು, ದೇವರು ನಿನ್ನನ್ನು ಹೇಗೆ ನಡಿಸಿದನು ಎಂದು ಮಗುವಿಗೆ ತಿಳಿಸುವದಕ್ಕೆ ಅನುಕೂಲವಾದ ಕಾಣಿಕೆಯೇ ಉತ್ತಮ ಕಾಣಿಕೆ.

ಆದರೆ ನಮ್ಮ ಊರುಗಳಲ್ಲಿ ಕೇಳಿಬರುವ ಪ್ರಶ್ನೆ ಬೇರೆ. "ತವರಿನವರು ಮಗುವಿಗೆ ಏನು ಹಾಕಿದರು?" ಎಂದು ನೆರೆಹೊರೆಯವರು ಕೇಳುತ್ತಾರೆ. ಬೆಳ್ಳಿಯ ಉಡಿದಾರವೋ, ಕಾಲ್ಗೆಜ್ಜೆಯೋ, ಚಿನ್ನದ ಉಂಗುರವೋ ಎಂದು ತೂಕ ನೋಡುತ್ತಾರೆ. ಆ ಒಂದು ಮಾತಿಗೆ ಅಂಜಿ, ಮಾಲೂರಿನ ಇಟ್ಟಿಗೆಗೂಡುಗಳಲ್ಲಿ ದುಡಿಯುವ ಸಹೋದರನೂ ಟೊಮೇಟೊ ದರ ಬಿದ್ದು ನಷ್ಟಪಟ್ಟ ರೈತನೂ ಸಾಲಕ್ಕೆ ಕೈ ಚಾಚುತ್ತಾರೆ. ಲೆಕ್ಕ ನೋಡಿರಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಬಡ್ಡಿಯಂತೆ 10,000 ರೂಪಾಯಿ ತಂದವನು ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ ಬಡ್ಡಿಯನ್ನೇ ಕಟ್ಟಬೇಕು. ಮಗುವಿಗೆ ಮೂರನೆಯ ಕ್ರಿಸ್ಮಸ್ ಬರುವಷ್ಟರಲ್ಲಿ 7,200 ರೂಪಾಯಿ ಹೋಗಿ, ಅಸಲು ಹಾಗೆಯೇ ನಿಂತಿರುವದು. ಕಡೆಗೆ ಆ ಒಡವೆಯೇ ಗಿರವಿಯ ಅಂಗಡಿಗೆ ಸೇರುವದು. ಮಗುವಿನ ಹಾಲಿನಿಂದ ಕಿತ್ತು ಮಗುವಿನ ಕೊರಳಿಗೆ ಹಾಕುವದು ಪ್ರೀತಿಯಾದೀತೇ?

ಮೂಡಣ ದೇಶದ ಜೋಯಿಸರು ಚಿನ್ನವನ್ನು ಕೊಟ್ಟರಲ್ಲವೇ ಎಂದು ಕೆಲವರು ಹೇಳಾರು. ಹೌದು, ಕೊಟ್ಟರು, ಆದರೆ ತಮ್ಮ ಸ್ವಂತ ಪೆಟ್ಟಿಗೆಗಳನ್ನು ತೆರೆದು ಕೊಟ್ಟರು, ಕೊಡುವದಕ್ಕೆ ಮುಂಚೆ ಅಡ್ಡಬಿದ್ದರು. ಆ ಚಿನ್ನ ಮುಂದೆ ಏನಾಯಿತೆಂದು ಮತ್ತಾಯನು ತಿಳಿಸುವದಿಲ್ಲ. ಅವರು ಅಡ್ಡಬಿದ್ದದ್ದನ್ನೋ ಲೋಕವೆಲ್ಲಾ ಬಲ್ಲದು. ಅದೇ ಶಿಶುವನ್ನು ಯೋಸೇಫನೂ ಮರಿಯಳೂ ದೇವಾಲಯಕ್ಕೆ ತಂದಾಗ ಅರ್ಪಿಸಿದ್ದು ಬಡವರಿಗೆ ನೇಮಕವಾದ ಜೋಡಿ ಹಕ್ಕಿಗಳ ಕಾಣಿಕೆಯನ್ನು. ಅದಕ್ಕಾಗಿ ಅವರು ನಾಚಿಕೊಳ್ಳಲಿಲ್ಲ. ದೇವರೂ ಅದನ್ನು ಅಲ್ಪವೆಂದೆಣಿಸಲಿಲ್ಲ. ಸ್ವಂತ ದುಡಿಮೆಯಿಂದ ಒಂದು ಬೆಳ್ಳಿಯ ಒಡವೆಯನ್ನು ಕೊಡಬಲ್ಲವನು ಕೊಡಲಿ, ಅದರಲ್ಲಿ ದೋಷವಿಲ್ಲ. ಸಾಲಮಾಡಿ ಕೊಡಬೇಡಿರೆಂದು ಮಾತ್ರ ಬೇಡಿಕೊಳ್ಳುತ್ತೇವೆ.

ಚಿನ್ನದ ಸಂಗತಿಯನ್ನು ಕೋಲಾರದ ಸೀಮೆಯವರಾದ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. 1880ರಿಂದ ಯಂತ್ರಗಳ ಸಹಾಯದಿಂದ ಅಗೆಯಲ್ಪಟ್ಟ ಚಿನ್ನದ ಗಣಿಗಳು ಮೂರು ಸಾವಿರ ಮೀಟರಿಗಿಂತಲೂ ಆಳಕ್ಕೆ ಇಳಿದು, 2001ನೇ ಇಸವಿ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಅಷ್ಟು ಚಿನ್ನ ಮೇಲಕ್ಕೆ ಬಂದರೂ ಅದನ್ನು ಅಗೆದವರ ಮಕ್ಕಳ ಪಾಲಿಗೆ ಅದರಲ್ಲಿ ಎಷ್ಟು ಸೇರಿತು? ಅದಕ್ಕಿಂತ ಹಿಂದಿನ ಮಾತನ್ನೂ ನೆನಸಿರಿ. ಧಾತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876-78ರಲ್ಲಿ, ಮೈಸೂರು ಸೀಮೆಯಲ್ಲಿ ಮಹಾ ಕ್ಷಾಮವುಂಟಾದಾಗ ಜನರು ಒಡವೆಗಳನ್ನೂ ಪಾತ್ರೆಗಳನ್ನೂ ದನಗಳನ್ನೂ ಮಾರಿ ತಿಂದರು. ಆ ಕಾಲದಲ್ಲಿ ಕುಮಾರಿ ಆನ್‌ಸ್ಟೀಯವರು ಕೋಲಾರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. 1890ರಲ್ಲಿ ಆ ಸೇವೆಯನ್ನು ಮೆಥೊಡಿಸ್ಟ್ ಸಭೆಯವರು ವಹಿಸಿಕೊಂಡರು. ಆ ಕೂಸುಗಳ ಮೈಮೇಲೆ ಒಡವೆಯಿರಲಿಲ್ಲ. ಅವರಿಗೆ ದೊರೆತದ್ದು ಅನ್ನ, ವಿದ್ಯೆ, ಮತ್ತು ಪರಲೋಕದಲ್ಲಿ ನಿಮಗೆ ತಂದೆಯುಂಟೆಂಬ ಸುವಾರ್ತೆ. ಕ್ಷಾಮವು ಬೆಳ್ಳಿಯನ್ನು ತಿಂದಿತು. ಇದನ್ನು ತಿನ್ನಲಾರದೆ ಹೋಯಿತು.

ಹಾಗಾದರೆ ನಾವು ಕೊಡತಕ್ಕದ್ದೇನು? ಬಡವರಿಗೂ ಸಾಧ್ಯವಾದ ಕೆಲವನ್ನು ಹೇಳುತ್ತೇವೆ.

ಮೊದಲನೆಯದು, ಕೈಯಿಂದ ಹೊಲಿದ ಬಟ್ಟೆ. ಹನ್ನಳು ಕರ್ತನಿಗೆ ಒಪ್ಪಿಸಿದ ಮಗನಾದ ಸಮುವೇಲನಿಗೆ ಪ್ರತಿವರ್ಷವೂ ಒಂದು ಚಿಕ್ಕ ಅಂಗಿಯನ್ನು ಮಾಡಿ ಒಯ್ಯುತ್ತಿದ್ದಳು. ಕಣ್ಣಿಗೆ ದೂರವಾಗಿದ್ದ ಮಗನು ಈ ವರ್ಷ ಎಷ್ಟು ಬೆಳೆದಿದ್ದಾನು ಎಂದು ಮನಸ್ಸಿನಲ್ಲಿಯೇ ಅಳೆದು ಹೊಲಿದ ಅಂಗಿಯದು. ಅಜ್ಜಿಯ ಹಳೇ ಸೀರೆಯನ್ನು ಮಡಿಸಿ ಹೊಲಿದ ಹೊದಿಕೆಯಾಗಲಿ, ತಾಯಿ ಹೊಲಿದ ಕುಲಾವಿಯಾಗಲಿ ಇದಕ್ಕೆ ಸಮಾನ. ಹಬ್ಬದ ಆರಾಧನೆಯ ದಿನ ಮಗುವಿಗೆ ಅದನ್ನು ಹೊದಿಸಿರಿ. ತರುವಾಯ ಒಗೆದು ಒಣಗಿಸಿ, ಒಣಬೇವಿನ ಎಲೆಗಳ ಸಂಗಡ ಪೆಟ್ಟಿಗೆಯಲ್ಲಿಡಿರಿ.

ಎರಡನೆಯದು, ದೇವರ ಪುಸ್ತಕ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನಿನ ಹ್ಯಾಂಡ್ಸ್ ದೊರೆಗಳೂ ಅವರ ಜೊತೆಗಾರರೂ ಬಹುವರ್ಷ ಪ್ರಯಾಸಪಟ್ಟದ್ದರಿಂದ 1831ರಲ್ಲಿ ಸತ್ಯವೇದವೆಲ್ಲಾ ಕನ್ನಡದಲ್ಲಿ ದೊರೆಯಿತು. ಕನ್ನಡವಾಗಲಿ ತೆಲುಗಾಗಲಿ, ನಿಮ್ಮ ಮನೆಯಲ್ಲಿ ಓದುವ ಭಾಷೆಯ ಪುಸ್ತಕವನ್ನು ಕೊಂಡು, ಅದರ ಮೊದಲನೆಯ ಹಾಳೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಪ್ರಾರ್ಥಿಸಿದವರ ಹೆಸರು ಇವುಗಳನ್ನು ಬರೆಯಿರಿ. ಬರೆಯಲು ಬಾರದ ಅಜ್ಜಿಯಿದ್ದರೆ ಆಕೆ ಹೇಳಿದ ಆಶೀರ್ವಾದವನ್ನು ಶಾಲೆಗೆ ಹೋಗುವ ಮೊಮ್ಮಗಳು ಬರೆದು, ಕೆಳಗೆ ಅಜ್ಜಿಯ ಹೆಬ್ಬೆಟ್ಟಿನ ಗುರುತನ್ನು ಹಾಕಿಸಲಿ. ತಿಮೊಥೆಯ ನಂಬಿಕೆಯು ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ವಾಸವಾಗಿತ್ತೆಂದು ಪೌಲನು ನೆನಸಿಕೊಂಡನಲ್ಲವೇ?

ಮೂರನೆಯದು, ಒಂದು ಸಸಿ. ಮಾವಿಗೆ ಹೆಸರಾದ ಶ್ರೀನಿವಾಸಪುರದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಬ್ಬದ ದಿನ ಪ್ರಾರ್ಥಿಸಿ ಸ್ಥಳವನ್ನು ಗುರುತುಮಾಡಿ, ಮಳೆಗಾಲವು ಆರಂಭವಾದಾಗ ಕಸಿಮಾಡಿದ ಬಾದಾಮಿಯನ್ನೋ ರಸಪುರಿಯನ್ನೋ ನೆಡಿರಿ. ಮಗು ಶಾಲೆಗೆ ಸೇರುವ ಹೊತ್ತಿಗೆ ಗಿಡವು ಫಲಕೊಡಲಾರಂಭಿಸುವದು. ಮೊದಲನೆಯ ಹಣ್ಣುಗಳನ್ನು ಮಗುವಿನ ಕೈಯಿಂದಲೇ ಸಭೆಗೆ ಕಾಣಿಕೆಯಾಗಿ ತರಿಸಿರಿ.

ನಾಲ್ಕನೆಯದು, ಮುಂದಿನ ದಿನಗಳಿಗಾಗಿ ಕೂಡಿಡುವದು. ಹೆಣ್ಣು ಕೂಸೆಂದು ಕಾಣಿಕೆಯನ್ನು ಕಡಿಮೆಮಾಡುವ ಮನೆಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇವೆ. 10 ವರ್ಷ ತುಂಬದ ಹೆಣ್ಣು ಮಗುವಿನ ಹೆಸರಿನಲ್ಲಿ ಅಂಚೆಯ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಎಂಬ ಖಾತೆಯನ್ನು 250 ರೂಪಾಯಿಗಳಿಂದಲೇ ತೆರೆಯಬಹುದು. ಕರ್ತನು ಚಿಕ್ಕ ಮಕ್ಕಳನ್ನು ಅಪ್ಪಿಕೊಂಡಾಗ ಗಂಡು ಹೆಣ್ಣೆಂದು ವಿಂಗಡಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದೃಷ್ಟಿ ತಾಕೀತೆಂದು ನಮ್ಮ ಹಿರಿಯರು ಕೂಸುಗಳಿಗೆ ತಾಯತವನ್ನೂ ಬಜೆಯ ತುಂಡುಗಳನ್ನೂ ಕಟ್ಟುತ್ತಿದ್ದರು. ಅದನ್ನು ಬಿಟ್ಟೆವೆಂದು ಹೇಳುವ ನಾವು ಬೆಳ್ಳಿಯ ಶಿಲುಬೆಯನ್ನು ಕರೀದಾರದಲ್ಲಿ ಕಟ್ಟಿ, ಇದು ಮಗುವನ್ನು ಕಾಯುವದೆಂದು ನೆನಸಿದರೆ, ತಾಯತದ ಆಕಾರ ಮಾತ್ರ ಬದಲಾಯಿತು, ಭಯವು ಹಾಗೆಯೇ ಉಳಿಯಿತು. ಕಾಯುವವನು ಕರ್ತನೇ. ಶಿಲುಬೆಯು ಆತನ ಪ್ರೀತಿಯನ್ನು ನೆನಪಿಗೆ ತರುವ ಗುರುತಾಗಿರಲಿ. ಮಗುವಿಗೆ ಜ್ವರ ಬಂದರೆ ಪ್ರಾರ್ಥಿಸಿರಿ, ವೈದ್ಯರ ಬಳಿಗೂ ಒಯ್ಯಿರಿ. 1910ರಲ್ಲಿ ಕೋಲಾರದಲ್ಲಿ ಸ್ಥಾಪಿತವಾದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯ ಹೆಸರನ್ನೇ ನೋಡಿರಿ. ಅದೂ ಒಬ್ಬಾಕೆಯ ನೆನಪಿಗಾಗಿ ಕೊಡಲ್ಪಟ್ಟ ಕಾಣಿಕೆಯೇ.

ಈ ಹಬ್ಬದಲ್ಲಿ ತೊಟ್ಟಿಲು ಬರಿದಾಗಿರುವ ಮನೆಗಳೂ ನಮ್ಮ ನಡುವೆ ಉಂಟು. ಮೊದಲನೆಯ ಕ್ರಿಸ್ಮಸ್ಸನ್ನು ಕಾಣದೆ ಹೋದ ಕೂಸಿನ ಅಂಗಿಯನ್ನು ಮಡಿಸಿಟ್ಟುಕೊಂಡಿರುವ ತಾಯಿಯೇ, ಅದನ್ನು ಬಿಸಾಡೆಂದು ನಿನಗೆ ಹೇಳುವವರ ಮಾತಿಗೆ ಕಿವಿಗೊಡಬೇಡ. ಆ ಕೂಸಿನ ಹೆಸರು ಕರ್ತನ ಬಳಿಯಲ್ಲಿ ಮರೆತುಹೋಗಿಲ್ಲ. ಸಹೋದರಿಯರೇ, ಹಬ್ಬದ ದಿನ ಅಂಥವಳ ಬಳಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಂಡು ಆ ಕೂಸಿನ ಹೆಸರೆತ್ತಿ ಮಾತಾಡಿರಿ.

ಪ್ರಿಯರೇ, ಹನ್ನಳು ಒಂದು ಸಾರಿ ಕೊಟ್ಟು ಸುಮ್ಮನಾಗಲಿಲ್ಲ. ವರ್ಷವರ್ಷವೂ ಹೊಸ ಅಳತೆಯಿಂದ ಹೊಲಿದಳು. ನೀವೂ ಪುಸ್ತಕದ ಆ ಹಾಳೆಯಲ್ಲಿ ಪ್ರತಿ ಕ್ರಿಸ್ಮಸ್ಸಿಗೆ ಒಂದೊಂದು ಸಾಲು ಸೇರಿಸಿರಿ: ಈ ವರ್ಷ ಮಗು ನಡೆಯಿತು, ಈ ವರ್ಷ ಕಾಯಿಲೆಯಿಂದ ಬದುಕಿತು, ಈ ವರ್ಷ ಪ್ರಾರ್ಥಿಸಲು ಕಲಿಯಿತು ಎಂದು. ಒಂದು ದಿನ ಮಗು ಆ ಹೊದಿಕೆಯನ್ನು ಹಿಡಿದು, ಇದೇನೆಂದು ಕೇಳುವದು. ಆ ಹೊತ್ತಿನಲ್ಲಿ ಹೇಳತಕ್ಕ ಮಾತು ನಿಮ್ಮ ಬಾಯಲ್ಲಿ ಸಿದ್ಧವಾಗಿರುವಂತೆ, ನಮಗೋಸ್ಕರ ಶಿಶುವಾಗಿ ಬಂದ ಕರ್ತನು ನಿಮಗೆಲ್ಲರಿಗೂ ಕೃಪೆಮಾಡಲಿ. ಆಮೆನ್.